ಜ್ವರಮಾಪಕವನ್ನು ಬಿಸಿ ಮಾಡುವವರು

ಶಾಲೆಗೆ ಹೋಗಲು ಮನಸ್ಸಿಲ್ಲದ ಹುಡುಗನೊಬ್ಬ ಜ್ವರವೆಂದು ಮಲಗಿದ್ದಾನೆ. ತಾಯಿ ಅವನ ಕೈಗೆ ಜ್ವರಮಾಪಕ ಕೊಟ್ಟು ಅಡುಗೆಮನೆಗೆ ಹೋಗುತ್ತಾಳೆ. ಹುಡುಗ ಅದರ ಬುರುಡೆಯನ್ನು ಪಕ್ಕದಲ್ಲಿದ್ದ ಬಿಸಿ ಕಾಫಿಯ ಲೋಟಕ್ಕೆ ತಾಗಿಸುತ್ತಾನೆ. ತಾಯಿ ಬಂದು ನೋಡಿದಾಗ ಪಾದರಸ ಏರಿದೆ! ಜ್ವರಮಾಪಕ ಸುಳ್ಳು ಹೇಳಿತೇ? ಇಲ್ಲ. ಯಾವುದೇ ಉಷ್ಣತಾಮಾಪಕ ಹೇಳುವುದು ತನ್ನ ಬುರುಡೆಯ ಉಷ್ಣತೆಯನ್ನು ಮಾತ್ರ. ಬುರುಡೆಗೂ ಮೈಗೂ ಉಷ್ಣ ಸಮತೋಲನ ಏರ್ಪಟ್ಟಾಗಷ್ಟೇ ಅದು ಮೈಯ ಉಷ್ಣತೆಯೂ ಆಗಿರುತ್ತದೆ. ಇದು ಭೌತವಿಜ್ಞಾನದ ಮೊದಲ ಪಾಠಗಳಲ್ಲೊಂದು.

ಪರೀಕ್ಷೆಗಳೂ ಹೀಗೆಯೇ. ಪರೀಕ್ಷೆ ನೇರವಾಗಿ ಅಳೆಯುವುದು ಅಭ್ಯರ್ಥಿ ಆ ಪರೀಕ್ಷೆಯಲ್ಲಿ ಮಾಡಿದ್ದನ್ನು. ಅದು ಅವರ ನಿಜವಾದ ಸಾಮರ್ಥ್ಯವೂ ಹೌದೇ ಎಂಬುದು ಬೇರೆ ಪ್ರಶ್ನೆ. ಈ ಪ್ರಶ್ನೆಯನ್ನು ನನ್ನ ಮುಂದಿಟ್ಟವಳು ನನ್ನ ತಮ್ಮನ ಮಗಳು. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಮೂರು ವರ್ಷಗಳಿಂದ ಕೆಲಸ ಮಾಡುತ್ತಿರುವ ಅವಳು ಅಮೆರಿಕದ ನರ್ಸಿಂಗ್ ಪರವಾನಗಿ ಪರೀಕ್ಷೆಗೆ ಓದುತ್ತಿದ್ದಾಳೆ. ಒಂದು ಭಾನುವಾರ ಕೋಚಿಂಗ್ ಸಂಸ್ಥೆಯೊಂದರ ದಪ್ಪ ನೋಟ್ಸ್ ಹಿಡಿದು ಬಂದಳು. “ದೊಡ್ಡಪ್ಪ, ಪರೀಕ್ಷೆಯ ರೀತಿಯೇ ಬದಲಾಗಿದೆ. ಹಳೆಯ ಪುಸ್ತಕ ಓದಿದ್ದೆಲ್ಲ ದಂಡವಾಯಿತಾ? ಇದರಲ್ಲಿ ಲಾಗಿಟ್ ಅಂತ ಬೇರೆ ಬರೆದಿದ್ದಾರೆ, ಅದು ಫಿಸಿಕ್ಸಾ?” ಎಂದು ಕೇಳಿದಳು.

ಲಾಗಿಟ್ ಫಿಸಿಕ್ಸ್ ಅಲ್ಲ, ಆದರೆ ಅದರ ನೆಂಟ. ಆ ನೆಂಟಸ್ತಿಕೆಯ ಎಳೆ ಹಿಡಿದು ನಾನು ಈ ಪರೀಕ್ಷೆಯ ಬಗ್ಗೆ ಓದಿದೆ. ಓದಿದ ಮೇಲೆ ಅನ್ನಿಸಿದ್ದು ಇದು: ಬದಲಾದ ಪರೀಕ್ಷೆ ಹಳೆಯದಕ್ಕಿಂತ ಒಳ್ಳೆಯ ಅಳತೆಗೋಲು, ಅದರಲ್ಲೂ ದೋಷಗಳಿವೆ, ಆದರೆ ನಾವು ಅದಕ್ಕೆ ಮಾಡಿಕೊಳ್ಳುತ್ತಿರುವ ಸಿದ್ಧತೆ ಬಹುಮಟ್ಟಿಗೆ ಕಾಫಿ ಲೋಟದ ಸಿದ್ಧತೆ.

ಏನಿದು ಪರೀಕ್ಷೆ?

ಅಮೆರಿಕದಲ್ಲಿ ನರ್ಸಿಂಗ್ ಪದವಿಯೊಂದೇ ಕೆಲಸಕ್ಕೆ ಸಾಲದು. ಪ್ರತಿಯೊಂದು ರಾಜ್ಯದಲ್ಲೂ ಒಂದು ನರ್ಸಿಂಗ್ ಮಂಡಳಿ ಇದೆ. ಅದು ಪರವಾನಗಿ ಕೊಡಬೇಕು. ಈ ಮಂಡಳಿಗಳೆಲ್ಲ ಸೇರಿ 1978ರಲ್ಲಿ ಒಂದು ರಾಷ್ಟ್ರೀಯ ಪರಿಷತ್ತನ್ನು ಕಟ್ಟಿಕೊಂಡವು. ಅದು ನಡೆಸುವ ಪರೀಕ್ಷೆಯೇ ‘ನ್ಯಾಷನಲ್ ಕೌನ್ಸಿಲ್ ಲೈಸೆನ್ಷರ್ ಎಕ್ಸಾಮಿನೇಷನ್’, ಚಿಕ್ಕದಾಗಿ ಎನ್‌ಕ್ಲೆಕ್ಸ್. 1994ರ ಏಪ್ರಿಲ್‌ನಿಂದ ಇದು ಪೂರ್ತಿ ಗಣಕದ ಮೇಲೆ ನಡೆಯುತ್ತಿದೆ. 2005ರ ಜನವರಿಯಲ್ಲಿ ಲಂಡನ್, ಸೋಲ್ ಮತ್ತು ಹಾಂಗ್‌ಕಾಂಗ್‌ಗಳಲ್ಲಿ ಕೇಂದ್ರಗಳು ತೆರೆದು ಪರೀಕ್ಷೆ ಅಮೆರಿಕದ ಹೊರಗೂ ಬಂತು. ಆಮೇಲೆ ಭಾರತಕ್ಕೂ ಬಂತು. ಬೆಂಗಳೂರಿನಲ್ಲೇ ಕುಳಿತು ಬರೆಯಬಹುದಾಯಿತು. 2015ರಿಂದ ಕೆನಡಾದ ಬಹುಪಾಲು ಪ್ರಾಂತ್ಯಗಳು ಕೂಡ ತಮ್ಮ ನರ್ಸ್‌ಗಳಿಗೆ ಇದನ್ನೇ ಬಳಸುತ್ತಿವೆ.

ನಮ್ಮಲ್ಲಿ ಪದವಿ ಅಥವಾ ಡಿಪ್ಲೊಮಾ ಮುಗಿಸಿದವರು ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿ ಕೆಲಸಕ್ಕೆ ಸೇರುತ್ತಾರೆ. ದೇಶದಲ್ಲಿ ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಇಲ್ಲಿ ಕಲಿತವರಲ್ಲಿ ಅನೇಕರ ಕಣ್ಣು ಹೊರದೇಶಗಳ ಮೇಲಿದೆ. ಆದ್ದರಿಂದ ಅಮೆರಿಕದ ಪರೀಕ್ಷೆಯೊಂದು ಬದಲಾದರೆ ಬೆಂಗಳೂರು, ಮಂಗಳೂರುಗಳ ಹಾಸ್ಟೆಲ್ ಕೋಣೆಗಳಲ್ಲಿ ಕಳವಳ ಹುಟ್ಟುವುದು ಸಹಜ.

ತಕ್ಕಡಿಯ ತತ್ತ್ವ

ಪಿ.ಯು.ಸಿ.ಯಲ್ಲಿ ರಸಾಯನಶಾಸ್ತ್ರದ ತಕ್ಕಡಿ ಬಳಸಿದ್ದು ನಿಮಗೆ ನೆನಪಿರಬಹುದು. ಒಂದು ತಟ್ಟೆಯಲ್ಲಿ ವಸ್ತು. ಇನ್ನೊಂದರಲ್ಲಿ 20 ಗ್ರಾಂ ಇಟ್ಟಿರಿ, ಹೆಚ್ಚಾಯಿತು. ತೆಗೆದು 10 ಇಟ್ಟಿರಿ, ಕಡಿಮೆಯಾಯಿತು. ಹೀಗೆ ಏರಿಸಿ ಇಳಿಸಿ ಮುಳ್ಳು ನಡುವೆ ನಿಲ್ಲುವ ಹತ್ತಿರಕ್ಕೆ ಬರುತ್ತೀರಿ. ಎನ್‌ಕ್ಲೆಕ್ಸ್‌ನಲ್ಲಿ ವಸ್ತು ಎಂದರೆ ಅಭ್ಯರ್ಥಿಯ ಸಾಮರ್ಥ್ಯ, ತೂಕದ ಬಟ್ಟು ಎಂದರೆ ಪ್ರಶ್ನೆಯ ಕಠಿಣತೆ. ಸರಿಯುತ್ತರ ಕೊಟ್ಟರೆ ಮುಂದಿನ ಪ್ರಶ್ನೆ ತುಸು ಕಠಿಣ. ತಪ್ಪಿದರೆ ತುಸು ಸುಲಭ. ಹಾಗಾಗಿ ಇಬ್ಬರು ಅಭ್ಯರ್ಥಿಗಳಿಗೆ ಒಂದೇ ಪ್ರಶ್ನೆಪತ್ರಿಕೆ ಬರುವುದಿಲ್ಲ. ಉತ್ತರಿಸಿದ ಪ್ರಶ್ನೆಗೆ ಹಿಂದಿರುಗಿ ತಿದ್ದಲೂ ಆಗುವುದಿಲ್ಲ.

ಇದರ ಗಣಿತವನ್ನು ಕೊಟ್ಟವರು ಡೆನ್ಮಾರ್ಕಿನ ಗಣಿತಜ್ಞ ಗೇಯೊರ್ಗ್ ರಾಶ್. 1960ರಲ್ಲಿ ಅವರ ಪುಸ್ತಕ ಪ್ರಕಟವಾಯಿತು. ಸಾಮರ್ಥ್ಯವನ್ನೂ ಕಠಿಣತೆಯನ್ನೂ ಒಂದೇ ಅಳತೆಪಟ್ಟಿಯಲ್ಲಿ ಗುರುತಿಸಬಹುದು ಎಂಬುದು ಅವರ ಮುಖ್ಯ ವಿಚಾರ. ಆ ಪಟ್ಟಿಯ ಮಾನವೇ ಲಾಗಿಟ್. ಸಾಮರ್ಥ್ಯವೂ ಕಠಿಣತೆಯೂ ಸಮನಾದರೆ ಸರಿಯುತ್ತರದ ಸಂಭವನೀಯತೆ ಶೇ. 50. ಸಾಮರ್ಥ್ಯ 1 ಲಾಗಿಟ್ ಹೆಚ್ಚಿದ್ದರೆ ಶೇ. 73, 2 ಲಾಗಿಟ್ ಹೆಚ್ಚಿದ್ದರೆ ಶೇ. 88; 1 ಲಾಗಿಟ್ ಕಡಿಮೆ ಇದ್ದರೆ ಶೇ. 27. ಎರಡೇ ಶಕ್ತಿಮಟ್ಟಗಳಿರುವ ಪರಮಾಣುವೊಂದು ಯಾವ ಉಷ್ಣತೆಯಲ್ಲಿ ಯಾವ ಮಟ್ಟದಲ್ಲಿರುತ್ತದೆ ಎಂದು ಲೆಕ್ಕ ಹಾಕುವಾಗ ಭೌತವಿಜ್ಞಾನಿಗೆ ಸಿಗುವ ಸೂತ್ರವೂ ಇದೇ ಆಕಾರದ್ದು. ನಾನು ನೆಂಟಸ್ತಿಕೆ ಎಂದದ್ದು ಇದನ್ನೇ.

ಇಲ್ಲೊಂದು ಮುಖ್ಯ ವಿಷಯವಿದೆ. ತಕ್ಕಡಿ ಅತಿ ಸೂಕ್ಷ್ಮವಾಗಿ ವರ್ತಿಸುವುದು ಮುಳ್ಳು ನಡುವಿನ ಹತ್ತಿರವಿದ್ದಾಗ. ಪ್ರಶ್ನೆಯಿಂದ ಹೆಚ್ಚು ಮಾಹಿತಿ ದೊರೆಯುವುದೂ ಸರಿಯುತ್ತರದ ಸಂಭವನೀಯತೆ ಶೇ. 50ರ ಸುತ್ತ ಇದ್ದಾಗಲೇ. ಆದ್ದರಿಂದ ಗಣಕ ಬೇಕೆಂದೇ ಅಭ್ಯರ್ಥಿಯನ್ನು ಅಲ್ಲಿಗೆ ತಂದು ನಿಲ್ಲಿಸುತ್ತದೆ. ಚೆನ್ನಾಗಿ ಓದಿದವರಿಗೂ ಅರ್ಧಕ್ಕರ್ಧ ತಪ್ಪಾದಂತೆ ಅನ್ನಿಸುತ್ತದೆ. ಪರೀಕ್ಷೆ ಮುಗಿಸಿ ಅಳುತ್ತ ಹೊರಬಂದು ಆಮೇಲೆ ಉತ್ತೀರ್ಣರಾದವರ ಕಥೆಗಳ ಹಿಂದಿರುವುದು ಈ ಗಣಿತವೇ ಹೊರತು ಅದೃಷ್ಟವಲ್ಲ.

ಉತ್ತೀರ್ಣತೆಯ ಗೆರೆಯನ್ನೂ ಲಾಗಿಟ್‌ನಲ್ಲೇ ಎಳೆಯುತ್ತಾರೆ. ನೋಂದಾಯಿತ ನರ್ಸ್‌ಗಳ ಪರೀಕ್ಷೆಗೆ 2010ರಲ್ಲಿ ಅದು −0.16 ಇತ್ತು, 2013ರ ಏಪ್ರಿಲ್‌ನಲ್ಲಿ 0.00ಗೆ ಏರಿತು. 2023ರಲ್ಲಿ ಹೊಸ ಮಾದರಿ ಬಂದಾಗಲೂ ಅದನ್ನು 0.00ದಲ್ಲೇ ಉಳಿಸಿಕೊಂಡರು. ಅಂದರೆ ಅಳತೆಗೋಲು ಬದಲಾಯಿತು, ಗೆರೆ ಬದಲಾಗಲಿಲ್ಲ. ಅಭ್ಯರ್ಥಿಯ ಸಾಮರ್ಥ್ಯ ಈ ಗೆರೆಯ ಮೇಲಿದೆ ಅಥವಾ ಕೆಳಗಿದೆ ಎಂದು ಶೇ. 95ರ ವಿಶ್ವಾಸದಿಂದ ಹೇಳಲು ಸಾಧ್ಯವಾದ ಕ್ಷಣ ಗಣಕ ಪರೀಕ್ಷೆಯನ್ನು ನಿಲ್ಲಿಸುತ್ತದೆ.

2023ರಲ್ಲಿ ಬದಲಾದದ್ದೇನು?

ಹಳೆಯ ಪರೀಕ್ಷೆಯ ಮೇಲಿದ್ದ ಆಕ್ಷೇಪಣೆ ಸರಳವಾದದ್ದು. ಒಂಟಿ ಪ್ರಶ್ನೆ, ನಾಲ್ಕು ಉತ್ತರ, ಒಂದು ಸರಿ. ಇದು ನೆನಪನ್ನು ಅಳೆಯಬಲ್ಲದು. ಆದರೆ ರೋಗಿ ನಾಲ್ಕು ಉತ್ತರಗಳನ್ನು ಹಣೆಯ ಮೇಲೆ ಬರೆದುಕೊಂಡು ಬರುವುದಿಲ್ಲ. ಹೊಸ ನರ್ಸ್‌ಗಳು ಎಡವುವುದು ಮಾಹಿತಿಯ ಕೊರತೆಯಿಂದ ಮಾತ್ರವಲ್ಲ. ಇರುವ ಮಾಹಿತಿಯಿಂದ ಏನನ್ನು ಅರಿಯಬೇಕು, ಮೊದಲು ಏನು ಮಾಡಬೇಕು ಎಂಬ ವಿವೇಚನೆಯಲ್ಲೂ ಎಡವುತ್ತಾರೆ. ಈ ವಿವೇಚನೆಯನ್ನು ಅಳೆಯುವ ಪ್ರಶ್ನೆಗಳನ್ನು 2017ರ ಜುಲೈಯಿಂದ ಅಭ್ಯರ್ಥಿಗಳ ಮೇಲೆ ಪ್ರಯೋಗಿಸಿ ನೋಡಿದರು. 2023ರ ಏಪ್ರಿಲ್ 1ರಂದು ‘ಮುಂದಿನ ಪೀಳಿಗೆಯ ಎನ್‌ಕ್ಲೆಕ್ಸ್’ ಜಾರಿಗೆ ಬಂತು.

ಕನಿಷ್ಠ 85 ಪ್ರಶ್ನೆ, ಗರಿಷ್ಠ 150, ಅವಧಿ 5 ಗಂಟೆ. ಇವುಗಳಲ್ಲಿ 15 ಪ್ರಶ್ನೆಗಳಿಗೆ ಅಂಕವಿಲ್ಲ. ಹೊಸ ಬಟ್ಟುಗಳನ್ನು ಪ್ರಮಾಣಿತ ಬಟ್ಟುಗಳೊಡನೆ ತೂಗಿ ನೋಡುವಂತೆ, ಮುಂದೆ ಬಳಸಲಿರುವ ಪ್ರಶ್ನೆಗಳ ಕಠಿಣತೆ ತಿಳಿಯಲೆಂದು ಅವನ್ನು ಸೇರಿಸಿರುತ್ತಾರೆ. ಎಲ್ಲರಿಗೂ ಮೂರು ರೋಗಿಗಳ ಪ್ರಕರಣಗಳು. ಒಂದೊಂದಕ್ಕೆ ಆರು ಪ್ರಶ್ನೆಗಳು. ತೆರೆಯ ಮೇಲೆ ರೋಗಿಯ ಕೇಸ್ ಶೀಟ್ ಇರುತ್ತದೆ: ನರ್ಸ್‌ಗಳ ಟಿಪ್ಪಣಿ, ನಾಡಿ ಉಸಿರಾಟಗಳ ದಾಖಲೆ, ಪ್ರಯೋಗಾಲಯದ ವರದಿ. ಆರು ಪ್ರಶ್ನೆಗಳೂ ಆರು ಮೆಟ್ಟಿಲುಗಳು: ಸುಳಿವುಗಳನ್ನು ಗುರುತಿಸು, ಅವುಗಳ ಅರ್ಥ ತಿಳಿ, ಸಾಧ್ಯತೆಗಳನ್ನು ಆದ್ಯತೆಯಂತೆ ಜೋಡಿಸು, ಪರಿಹಾರಗಳನ್ನು ಯೋಚಿಸು, ಕೆಲಸಕ್ಕಿಳಿ, ಪರಿಣಾಮವನ್ನು ಪರಿಶೀಲಿಸು.

ಉದಾಹರಣೆಗೆ ನಾನೇ ಹೆಣೆದ ಒಂದು ಪ್ರಕರಣ ನೋಡಿ. ಮೂತ್ರನಾಳದ ಸೋಂಕಿನಿಂದ ದಾಖಲಾದ 68 ವರ್ಷದ ಮಹಿಳೆ. ಬೆಳಗ್ಗೆ 8ಕ್ಕೆ ನಾಡಿ 92, ಉಸಿರಾಟ 18, ರಕ್ತದೊತ್ತಡ 132/78. ಮಧ್ಯಾಹ್ನ 12ಕ್ಕೆ ನಾಡಿ 108, ಉಸಿರಾಟ 22, ರಕ್ತದೊತ್ತಡ 112/66. ಇಂದು ಯಾವ ವಾರವೆಂದು ಮಗಳನ್ನು ಎರಡು ಸಲ ಕೇಳಿದ್ದಾರೆ. 2 ಗಂಟೆಗೆ ನಾಡಿ 118, ಉಸಿರಾಟ 26, ರಕ್ತದೊತ್ತಡ 94/56. ಮೂತ್ರ ತೀರ ಕಡಿಮೆ. ಮಧ್ಯಾಹ್ನ 12ರ ರಕ್ತದೊತ್ತಡವನ್ನು ಬಿಡಿಯಾಗಿ ನೋಡಿದರೆ ಗಾಬರಿಪಡುವಂಥದ್ದೇನೂ ಇಲ್ಲ. ಆದರೆ ಮೂರೂ ಸಾಲುಗಳನ್ನು ನಕ್ಷೆಯ ಮೇಲೆ ಗುರುತಿಸಿ. ನಾಡಿಯ ಗೆರೆ ಏರುತ್ತಿದೆ, ಒತ್ತಡದ ಗೆರೆ ಇಳಿಯುತ್ತಿದೆ. ಸೋಂಕಿನಿಂದ ಮೈಯೆಲ್ಲ ತತ್ತರಿಸುವ ಸೆಪ್ಸಿಸ್‌ನ ಲಕ್ಷಣವಿದು. ‘ಯಾವ ವಾರ?’ ಎಂಬ ಪ್ರಶ್ನೆಯೂ ಒಂದು ಸುಳಿವು. ಬಿಂದುವನ್ನಲ್ಲ, ಇಳಿಜಾರನ್ನು ನೋಡು ಎಂದು ನಾವು ಪ್ರಯೋಗಾಲಯದಲ್ಲಿ ಹೇಳುವ ಮಾತು ಇಲ್ಲಿ ಒಬ್ಬರ ಜೀವ ಉಳಿಸುತ್ತದೆ.

ಮೆಚ್ಚಬೇಕಾದದ್ದು

ಈ ಬದಲಾವಣೆಯ ಅತ್ಯುತ್ತಮ ಅಂಶ ಅಂಕ ಕೊಡುವ ಕ್ರಮ. ‘ಅನ್ವಯಿಸುವುದೆಲ್ಲವನ್ನೂ ಗುರುತಿಸಿ’ ಎಂಬ ಪ್ರಶ್ನೆ ಹಿಂದೆಯೂ ಇತ್ತು. ಐದು ಸರಿಯುತ್ತರಗಳಲ್ಲಿ ನಾಲ್ಕನ್ನು ಗುರುತಿಸಿದವರಿಗೂ ಸೊನ್ನೆ, ಒಂದನ್ನೂ ಗುರುತಿಸದವರಿಗೂ ಸೊನ್ನೆ. ಇದು ಗ್ರಾಂಗಳ ಗೆರೆಗಳನ್ನೆಲ್ಲ ಅಳಿಸಿ ಕಿಲೋಗ್ರಾಂ ಮಾತ್ರ ಉಳಿಸಿದ ತಕ್ಕಡಿಯಂತೆ. ಹೊಸ ಕ್ರಮದಲ್ಲಿ ಭಾಗಶಃ ಅಂಕವಿದೆ. ಇಂಥ ಪ್ರಶ್ನೆಗಳಲ್ಲಿ ಪ್ರತಿ ಸರಿಗೆ ಒಂದು ಕೂಡುತ್ತದೆ, ಪ್ರತಿ ತಪ್ಪಿಗೆ ಒಂದು ಕಳೆಯುತ್ತದೆ. ಒಟ್ಟು ಸೊನ್ನೆಗಿಂತ ಕೆಳಗಿಳಿಯುವುದಿಲ್ಲ. ಎಂಟು ಆಯ್ಕೆಗಳಲ್ಲಿ ಐದು ಸರಿಯಿವೆ ಎನ್ನಿ. ಎಂಟನ್ನೂ ಗುರುತಿಸಿದವರಿಗೆ 5ರಲ್ಲಿ 3 ಕಳೆದು 2 ಅಂಕ. ಖಚಿತವಾಗಿ ತಿಳಿದ ಮೂರನ್ನು ಮಾತ್ರ ಗುರುತಿಸಿದವರಿಗೆ 3 ಅಂಕ. ಕುರುಡು ಊಹೆಗಿಂತ ಪ್ರಾಮಾಣಿಕ ಅರೆಜ್ಞಾನಕ್ಕೆ ಹೆಚ್ಚು ಬೆಲೆ! ವಾರ್ಡಿನಲ್ಲೂ ಹೀಗೆಯೇ ಅಲ್ಲವೇ? ಬೇಡದ ಹತ್ತು ಕೆಲಸ ಮಾಡುವ ನರ್ಸ್‌ಗಿಂತ ಬೇಕಾದ ಮೂರನ್ನು ಮಾಡುವವರು ಲೇಸು. ಇನ್ನು ಕೆಲವು ಪ್ರಶ್ನೆಗಳಲ್ಲಿ ಉತ್ತರವೂ ಅದರ ಕಾರಣವೂ ಎರಡೂ ಸರಿಯಿದ್ದರೆ ಮಾತ್ರ ಅಂಕ. ಕಾರಣವಿಲ್ಲದ ಉತ್ತರ ಉತ್ತರವಲ್ಲ ಎಂದು ಮೂವತ್ತು ವರ್ಷ ಪಾಠ ಹೇಳಿದ ನನಗೆ ಇದರಿಂದ ಆದ ಸಂತೋಷವನ್ನು ನೀವು ಊಹಿಸಬಲ್ಲಿರಿ.

ಸಂಶಯಗಳು

ಇಷ್ಟಾದರೂ ಮೂರು ಸಂಶಯಗಳು ನನಗೆ ಉಳಿದಿವೆ.

ಮೊದಲನೆಯದು ನಿಖರತೆಯದು. ಸರಿ ಅಥವಾ ತಪ್ಪು ಎಂಬಷ್ಟೇ ಉತ್ತರವುಳ್ಳ ಪ್ರಶ್ನೆಗಳಿದ್ದು, ಅವೆಲ್ಲ ಅಭ್ಯರ್ಥಿಯ ಸಾಮರ್ಥ್ಯಕ್ಕೆ ಸರಿಯಾಗಿ ಹೊಂದಿಕೊಂಡಿದ್ದರೆ, ಅಳತೆಯ ಪ್ರಮಾಣಿತ ದೋಷ ಎಷ್ಟು? ಎರಡನ್ನು ಪ್ರಶ್ನೆಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದರೆ ಸಿಗುವಷ್ಟು ಲಾಗಿಟ್. 2020ಕ್ಕೆ ಮೊದಲು ಗರಿಷ್ಠ 265 ಪ್ರಶ್ನೆಗಳಿದ್ದವು. ಅಂಕವಿಲ್ಲದ 15 ಕಳೆದರೆ 250. ಆಗ ಶೇ. 95ರ ವಿಶ್ವಾಸದ ಅಂತರ ಸುಮಾರು ±0.25 ಲಾಗಿಟ್. ಈಗಿನ ಗರಿಷ್ಠ 150ರಲ್ಲಿ 15 ಕಳೆದರೆ 135. ಅದೇ ಲೆಕ್ಕದಲ್ಲಿ ಅಂತರ ±0.34. ಗೆರೆಯ ಆಸುಪಾಸಿನಲ್ಲಿರುವವರ ಮಟ್ಟಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಭಾಗಶಃ ಅಂಕದ ಪ್ರಶ್ನೆಯೊಂದು ಹಳೆಯ ಪ್ರಶ್ನೆಗಿಂತ ಹೆಚ್ಚು ಮಾಹಿತಿ ಕೊಡುತ್ತದೆ, ಆದ್ದರಿಂದ ನಿಜವಾದ ಅಂತರ ಇದಕ್ಕಿಂತ ಕಡಿಮೆ ಎಂಬುದನ್ನು ಒಪ್ಪೋಣ. ಆದರೆ ಪ್ರಕರಣದ ಆರು ಪ್ರಶ್ನೆಗಳಿಗೂ ರೋಗಿ ಒಬ್ಬರೇ. ಮೊದಲ ಪುಟವನ್ನೇ ತಪ್ಪಾಗಿ ಓದಿದವರಿಗೆ ಅದೇ ತಪ್ಪು ಮುಂದಿನ ಪ್ರಶ್ನೆಗಳಿಗೂ ಹರಿದು ಬರಬಹುದು. ಶೂನ್ಯದೋಷವಿರುವ ಸ್ಕ್ರೂ ಗೇಜಿನಲ್ಲಿ ಆರು ಸಲ ಅಳೆದರೂ ಆ ದೋಷ ಕಡಿಮೆಯಾಗುವುದಿಲ್ಲ. ಪ್ರತಿ ಮೆಟ್ಟಿಲಿನಲ್ಲಿ ಹೊಸ ಮಾಹಿತಿ ಕೊಟ್ಟು ಇದನ್ನು ತಗ್ಗಿಸಲು ಪ್ರಯತ್ನಿಸುತ್ತಾರೆ. ಪೂರ್ತಿ ಅಳಿಸುವುದು ಕಷ್ಟ.

ಎರಡನೆಯದು ಭಾಷೆಯದು. ರಾಶ್ ಮಾದರಿಯ ಆಧಾರ ಒಂದೇ: ಅಳೆಯುತ್ತಿರುವುದು ಒಂದೇ ಒಂದು ಸಾಮರ್ಥ್ಯವನ್ನು. ನೀಳ ಕೇಸ್ ಶೀಟುಗಳನ್ನು ಇಂಗ್ಲಿಷಿನಲ್ಲಿ ಬೇಗ ಓದಿ ಅರಗಿಸಿಕೊಳ್ಳುವ ಶಕ್ತಿಯೂ ಅದರೊಡನೆ ಬೆರೆತರೆ, ಒದ್ದೆ ಕಾಗದದ ಮೇಲಿಟ್ಟು ಉಪ್ಪು ತೂಗಿದಂತೆ, ಉಪ್ಪೆಷ್ಟು, ನೀರೆಷ್ಟು? ಪದಗಳ ತೊಡಕೂ ಇದೆ. ನಮ್ಮ ಪ್ಯಾರಾಸಿಟಮಾಲ್ ಅಲ್ಲಿ ಅಸಿಟಮಿನೊಫೆನ್. ನಮ್ಮ ಅಡ್ರಿನಲಿನ್ ಅಲ್ಲಿ ಎಪಿನೆಫ್ರಿನ್, ಸಾಲ್ಬ್ಯುಟಮಾಲ್ ಅಲ್ಲಿ ಆಲ್ಬ್ಯುಟೆರಾಲ್. ಔಷಧಿ ಒಂದೇ, ಹೆಸರು ಎರಡು. ಪಕ್ಷಪಾತವಿರುವ ಪ್ರಶ್ನೆಗಳನ್ನು ಸಂಖ್ಯಾಶಾಸ್ತ್ರದ ಜರಡಿಯಲ್ಲಿ ಸೋಸುತ್ತಾರೆ, ನಿಜ. ಆದರೂ ಅಮೆರಿಕದಲ್ಲಿ ಕಲಿತು ಮೊದಲ ಬಾರಿ ಬರೆದವರಲ್ಲಿ 2023ರಲ್ಲಿ ಶೇ. 88ಕ್ಕೂ ಹೆಚ್ಚು ಮಂದಿ ಉತ್ತೀರ್ಣರಾದರು. ಹೊರದೇಶಗಳಲ್ಲಿ ಕಲಿತವರಲ್ಲಿ ಉತ್ತೀರ್ಣರಾದವರು ಹೆಚ್ಚುಕಡಿಮೆ ಅರ್ಧದಷ್ಟು. ಈ ಕಂದಕವೆಲ್ಲ ವಿವೇಚನೆಯ ಕೊರತೆಯೆಂದು ನಾನಂತೂ ಒಪ್ಪಲಾರೆ.

ಮೂರನೆಯದು ಆಳವಾದದ್ದು. ನರ್ಸಿಂಗ್ ವಿದ್ವಾಂಸೆ ಕ್ರಿಸ್ಟೀನ್ ಟ್ಯಾನರ್ 2006ರಲ್ಲಿ ನರ್ಸ್‌ಗಳ ವಿವೇಚನೆಯನ್ನು ನಾಲ್ಕು ಹಂತಗಳಲ್ಲಿ ವಿವರಿಸಿದರು: ಗಮನಿಸುವುದು, ಅರ್ಥೈಸುವುದು, ಸ್ಪಂದಿಸುವುದು, ಹಿಂದಿರುಗಿ ಯೋಚಿಸುವುದು. ಮೊದಲನೆಯದೇ ಗಮನಿಸುವುದು. ಪರೀಕ್ಷೆಯ ತೆರೆಯ ಮೇಲೆ ಸುಳಿವನ್ನು ಯಾರೋ ಆಗಲೇ ಗಮನಿಸಿ ಬರೆದಿಟ್ಟಿರುತ್ತಾರೆ. ಅಭ್ಯರ್ಥಿ ಪಟ್ಟಿಯಿಂದ ಆರಿಸಬೇಕಷ್ಟೆ. ವಾರ್ಡಿನಲ್ಲಿ ಆ ಅಜ್ಜಿ ‘ಯಾವ ವಾರ?’ ಎಂದು ಕೇಳಿದಾಗ ಟ್ರೇ ಹಿಡಿದು ಹಾದುಹೋಗುತ್ತಿದ್ದ ನರ್ಸ್‌ನ ಕಿವಿ ನಿಮಿರಬೇಕು. ಅದನ್ನು ಈ ಪರೀಕ್ಷೆ ಅಳೆಯಲಾರದು. ಬುರುಡೆಗೂ ಮೈಗೂ ನಡುವೆ ಇರುವ ಅಂತರ ಇದೇ.

ಇಲ್ಲೊಂದು ಎಚ್ಚರಿಕೆ. ಅಮೆರಿಕದಲ್ಲಿ ಕಲಿತು ಮೊದಲ ಬಾರಿ ಬರೆದವರಲ್ಲಿ ಉತ್ತೀರ್ಣರಾದವರು 2019ರಲ್ಲಿ ಸುಮಾರು ಶೇ. 88, 2022ರಲ್ಲಿ ಸುಮಾರು ಶೇ. 80, 2023ರಲ್ಲಿ ಮತ್ತೆ ಶೇ. 88ರ ಮೇಲೆ. ಹೊಸ ಪರೀಕ್ಷೆಯಿಂದ ನರ್ಸ್‌ಗಳು ಒಮ್ಮೆಗೇ ಜಾಣರಾದರು ಎನ್ನೋಣವೇ? 2022ರಲ್ಲಿ ಬರೆದವರು ಕೋವಿಡ್ ಕಾಲದಲ್ಲಿ ವಾರ್ಡಿನಿಂದ ದೂರ ಕುಳಿತು ಕಲಿತವರು. ಅಂಕ ಕೊಡುವ ಕ್ರಮವೂ 2023ರಲ್ಲೇ ಬದಲಾಯಿತು. ಎರಡು ಚರಗಳು ಒಟ್ಟಿಗೆ ಬದಲಾದಾಗ ಯಾವುದರಿಂದ ಯಾವ ಪರಿಣಾಮ ಎಂದು ಹೇಳಲಾಗದು. ಹೊಸ ನರ್ಸ್‌ಗಳ ಕೈಯಲ್ಲಿ ರೋಗಿಗಳು ಮೊದಲಿಗಿಂತ ಸುರಕ್ಷಿತರಾಗಿದ್ದಾರೆಯೇ ಎಂಬುದೇ ನಿಜವಾದ ಪ್ರಶ್ನೆ. ಅದಕ್ಕೆ ಉತ್ತರ ಈ ಶೇಕಡಾವಾರುಗಳಲ್ಲಿಲ್ಲ.

ಕಾಫಿ ಲೋಟದ ಸಿದ್ಧತೆ

ಈಗ ಆ ದಪ್ಪ ನೋಟ್ಸಿಗೆ ಬರೋಣ. ಅದರಲ್ಲಿ ಹೊಸ ಮಾದರಿಯ ಸಾವಿರಾರು ಪ್ರಶ್ನೆಗಳೂ, ಅವನ್ನು ಗೆಲ್ಲುವ ಉಪಾಯಗಳೂ ಇದ್ದವು. ಒಂದು ಉಪಾಯ: ಆಯ್ಕೆಗಳಲ್ಲಿ ‘ಪರೀಕ್ಷಿಸಿ ನೋಡು’ ಎಂದಿದ್ದರೆ ಅದನ್ನೇ ಗುರುತಿಸು, ‘ಮಾಡು’ ಎಂದಿರುವುದನ್ನು ಬಿಡು. ಸಾಮಾನ್ಯ ಸಂದರ್ಭಗಳಲ್ಲಿ ಮೊದಲು ಪರೀಕ್ಷಿಸಬೇಕು ಎಂಬುದು ಸರಿಯೇ. ಆದರೆ ನಮ್ಮ ಅಜ್ಜಿಯ ಪ್ರಕರಣದಲ್ಲಿ 2 ಗಂಟೆಯ ದಾಖಲೆ ಬಂದ ಮೇಲೂ ‘ಮತ್ತೊಮ್ಮೆ ಪರೀಕ್ಷಿಸು’ ಎಂದು ಗುರುತಿಸಿದರೆ? ಆಗ ಬೇಕಾದದ್ದು ತಕ್ಷಣ ವೈದ್ಯರನ್ನು ಕರೆಸುವುದು, ರಕ್ತದ ಮಾದರಿ, ಅಭಿಧಮನಿಯ ಮೂಲಕ ದ್ರವ, ಪ್ರತಿಜೈವಿಕ. ಯಾವ ಕುರುಡು ಸೂತ್ರಗಳನ್ನು ಸೋಲಿಸಲೆಂದು ಪರೀಕ್ಷೆಯನ್ನು ಬದಲಿಸಿದರೋ ಅವೇ ಸೂತ್ರಗಳು ಹೊಸ ರಟ್ಟು ಹೊದ್ದು ಬಂದಿವೆ. ಇನ್ನೊಂದು ಉಪಾಯ: ಗಣಕ 85ಕ್ಕೇ ನಿಂತರೆ ಉತ್ತೀರ್ಣ, ಮುಂದುವರಿದರೆ ಅಪಾಯ. ಇದು ಶುದ್ಧ ಮೂಢನಂಬಿಕೆ. ಗೆರೆಯಿಂದ ಬಹಳ ಕೆಳಗಿರುವವರಿಗೂ ಪರೀಕ್ಷೆ 85ಕ್ಕೇ ನಿಲ್ಲುತ್ತದೆ. ಮುಂದುವರಿಯಿತೆಂದರೆ ಮುಳ್ಳು ಇನ್ನೂ ತೂಗಾಡುತ್ತಿದೆ ಎಂದಷ್ಟೇ ಅರ್ಥ.

ಸಮಾಜವಿಜ್ಞಾನಿ ಡೊನಾಲ್ಡ್ ಕ್ಯಾಂಪ್‌ಬೆಲ್ 1976ರಲ್ಲಿ ಒಂದು ನಿಯಮವನ್ನು ಮುಂದಿಟ್ಟರು. ಅದರ ಸಾರ: ಒಂದು ಅಳತೆಯ ಮೇಲೆ ದೊಡ್ಡ ನಿರ್ಧಾರಗಳನ್ನು ಹೇರಿದಷ್ಟೂ ಆ ಅಳತೆ ಕೆಡುತ್ತದೆ, ಅಳೆಯಲು ಹೊರಟ ವಸ್ತುವೂ ಕೆಡುತ್ತದೆ. ಇದರ ರುಚಿ ನನಗೂ ಗೊತ್ತು. ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿಗಳ ಸರಳ ಲೋಲಕದ ಪ್ರಯೋಗದಲ್ಲಿ ಗುರುತ್ವ ವೇಗೋತ್ಕರ್ಷ ಪ್ರತಿಯೊಬ್ಬರಿಗೂ 980 ಬರುತ್ತಿತ್ತು. ಎಲ್ಲರೂ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಬರೆಯುತ್ತಿದ್ದರು! ತಪ್ಪು ಅವರದಷ್ಟೇ ಅಲ್ಲ. 980 ಬಂದರೆ ಪೂರ್ತಿ ಅಂಕ ಕೊಡುತ್ತಿದ್ದವನು ನಾನೇ. ನರ್ಸಿಂಗ್ ವಿದ್ಯಾರ್ಥಿಗಳು ಹಿರಿಯರ ರೆಕಾರ್ಡ್ ಪುಸ್ತಕದಿಂದ ಕೇರ್ ಪ್ಲಾನ್ ನಕಲು ಮಾಡುವುದೂ ಇದೇ ಜಾತಿಯ ರೋಗ. ಲೋಲಕಕ್ಕೆ ನೋವಾಗುವುದಿಲ್ಲ, ರೋಗಿಗೆ ಆಗುತ್ತದೆ.

ಹಾಗಾದರೆ ಸಿದ್ಧತೆ ಹೇಗೆ?

ಪರೀಕ್ಷೆಯ ಯೋಜನೆಯನ್ನು ಸಾಮಾನ್ಯವಾಗಿ ಮೂರು ವರ್ಷಗಳಿಗೊಮ್ಮೆ ಪರಿಷ್ಕರಿಸುತ್ತಾರೆ. ಹೊಸದಾಗಿ ಕೆಲಸಕ್ಕೆ ಸೇರಿದ ನರ್ಸ್‌ಗಳು ನಿಜವಾಗಿ ಏನೇನು ಮಾಡುತ್ತಾರೆ ಎಂಬ ಸಮೀಕ್ಷೆಯೇ ಅದಕ್ಕೆ ಆಧಾರ. 2023ರ ಯೋಜನೆಯ ನಂತರದ್ದನ್ನು 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ ರೂಪಿಸಿದರು. ಮುಂದೆಯೂ ಬದಲಾಗುತ್ತಿರುತ್ತದೆ. ಪ್ರತಿ ಬದಲಾವಣೆಗೂ ಹೊಸ ಪ್ರಶ್ನೆಕೋಶ ಕೊಳ್ಳುತ್ತ ಹೋದರೆ ಅದಕ್ಕೆ ಕೊನೆಯಿಲ್ಲ. ಬದಲಾಗದ ಭಾಗವನ್ನು ಹಿಡಿದುಕೊಳ್ಳುವುದೇ ಜಾಣತನ. ನನ್ನ ತಮ್ಮನ ಮಗಳಿಗೆ ನಾನು ಹೇಳಿದ್ದು ನಾಲ್ಕು ಮಾತು. ಈ ಹಾದಿಯಲ್ಲಿರುವ ಓದುಗರಿಗೂ ಅವು ಉಪಯೋಗಕ್ಕೆ ಬಂದಾವು.

ಒಂದು: ಪರಿಷತ್ತು ತನ್ನ ಪರೀಕ್ಷಾ ಯೋಜನೆಯನ್ನು ಉಚಿತವಾಗಿಯೇ ಪ್ರಕಟಿಸುತ್ತದೆ. ಮೊದಲು ಅದನ್ನು ಓದು. ಯಾವ ಭಾಗಕ್ಕೆ ಎಷ್ಟು ಪಾಲು ಎಂಬುದು ಅದರಲ್ಲೇ ಇದೆ. ಪ್ರಶ್ನೆಗಳ ಹೊಸ ಆಕಾರಗಳನ್ನು ಪರಿಚಯ ಮಾಡಿಕೊಳ್ಳಲೇಬೇಕು, ಆದರೆ ಅದು ಕೆಲವು ದಿನಗಳ ಕೆಲಸ, ಕೆಲವು ತಿಂಗಳುಗಳದ್ದಲ್ಲ.

ಎರಡು: ನಿನ್ನ ಪ್ರಶ್ನೆಕೋಶ ನಿನ್ನ ವಾರ್ಡಿನಲ್ಲೇ ಇದೆ. ಪ್ರತಿದಿನ ಡ್ಯೂಟಿ ಮುಗಿದ ಮೇಲೆ ಒಬ್ಬ ರೋಗಿಯನ್ನು ನೆನಪಿಸಿಕೊಂಡು, ಹೆಸರು ಬರೆಯದೆ, ಆ ಆರು ಮೆಟ್ಟಿಲುಗಳನ್ನು ಒಂದು ನೋಟ್ ಪುಸ್ತಕದಲ್ಲಿ ಬರೆ. ಏನು ಕಂಡೆ? ಅದರ ಅರ್ಥವೇನೆಂದುಕೊಂಡೆ? ಮತ್ತೇನಿರಬಹುದಿತ್ತು? ಏನು ಮಾಡಬಹುದಿತ್ತು? ಏನು ಮಾಡಿದೆ? ಮಾಡಿದ ಮೇಲೆ ಏನಾಯಿತು? ಪುಸ್ತಕದ ರೋಗಿ ಉತ್ತರ ಬಚ್ಚಿಟ್ಟುಕೊಂಡಿರುತ್ತಾನೆ. ವಾರ್ಡಿನ ರೋಗಿ ಮರುದಿನ ತಾನೇ ಉತ್ತರ ಹೇಳುತ್ತಾನೆ.

ಮೂರು: ತಪ್ಪುಗಳ ಲೆಕ್ಕ ಇಡು. ಅಭ್ಯಾಸದ ಪ್ರಶ್ನೆ ತಪ್ಪಾದಾಗ ಕಾರಣವನ್ನು ನಾಲ್ಕು ಕಲಂಗಳಲ್ಲಿ ಗುರುತಿಸು: ವಿಷಯ ಗೊತ್ತಿರಲಿಲ್ಲ, ಸುಳಿವು ಕಾಣಲಿಲ್ಲ, ತರ್ಕ ತಪ್ಪಿತು, ಇಂಗ್ಲಿಷ್ ತಪ್ಪಾಗಿ ತಿಳಿಯಿತು. ಮೊದಲನೆಯದಕ್ಕೆ ಮದ್ದು ಪುಸ್ತಕ. ಎರಡನೆಯದಕ್ಕೆ ವಾರ್ಡು. ಮೂರನೆಯದಕ್ಕೆ ಗೆಳತಿಯೊಡನೆ ವಾದ. ನಾಲ್ಕನೆಯದಕ್ಕೆ ದಿನಕ್ಕೊಂದು ಗಂಟೆ ಇಂಗ್ಲಿಷ್ ಓದು. ಎಲ್ಲದಕ್ಕೂ ಒಂದೇ ಮದ್ದು, ಇನ್ನೂ ಒಂದು ಸಾವಿರ ಪ್ರಶ್ನೆ, ಎಂದರೆ ರೋಗನಿದಾನವೇ ಆಗಿಲ್ಲ ಎಂದರ್ಥ.

ನಾಲ್ಕು: ಪರೀಕ್ಷೆಯ ದಿನ ಪ್ರಶ್ನೆಗಳನ್ನು ಎಣಿಸಬೇಡ. ಕಷ್ಟವೆನಿಸಿದರೆ ತಕ್ಕಡಿ ಕೆಲಸ ಮಾಡುತ್ತಿದೆ ಎಂದುಕೋ. ಒಮ್ಮೆ ತಪ್ಪಿದರೂ 45 ದಿನಗಳ ನಂತರ ಮತ್ತೆ ಬರೆಯಲು ಅವಕಾಶವಿದೆ.

ನಮ್ಮ ಕಾಲೇಜುಗಳ ಅಧ್ಯಾಪಕರಿಗೂ ಒಂದು ಮಾತು. ಪೆಟ್ರಿಶಿಯಾ ಬೆನ್ನರ್ 1984ರಲ್ಲಿ ಬರೆದ ಪುಸ್ತಕದಲ್ಲಿ, ಹೊಸಬರು ನುರಿತ ನರ್ಸ್ ಆಗುವುದು ನಿಜವಾದ ರೋಗಿಗಳ ನಡುವಿನ ಅನುಭವದಿಂದ ಎಂದು ತೋರಿಸಿದ್ದಾರೆ. ಹಾಗಿರುವಾಗ ವಿದೇಶದ ಪರೀಕ್ಷೆಯ ತರಬೇತಿಯೆಂದು ವಿದ್ಯಾರ್ಥಿಗಳನ್ನು ಹಾಸಿಗೆಯ ಪಕ್ಕದಿಂದ ಎಬ್ಬಿಸಿ ಗಣಕದ ಮುಂದೆ ಕೂರಿಸುವುದು ತಲೆಕೆಳಗಾದ ಕೆಲಸ. ರೌಂಡ್ಸ್‌ನಲ್ಲಿ ‘ಈ ಚಾರ್ಟಿನಲ್ಲಿ ನಿನ್ನೆಗಿಂತ ಇಂದು ಏನು ಬದಲಾಗಿದೆ? ಏಕೆ?’ ಎಂದು ಒಂದು ಪ್ರಶ್ನೆ ಕೇಳಿ ನೋಡಿ. ಅದಕ್ಕೆ ಶುಲ್ಕವಿಲ್ಲ. ವಿದೇಶಕ್ಕೆ ಹೋಗುವವರಿಗಿಂತ ಇಲ್ಲೇ ಉಳಿಯುವವರೇ ಹೆಚ್ಚು; ಆ ಪ್ರಶ್ನೆ ಅವರ ರೋಗಿಗಳನ್ನೂ ಕಾಯುತ್ತದೆ.

ಹೋದ ತಿಂಗಳು ಹುಡುಗಿ ಮತ್ತೆ ಬಂದಿದ್ದಳು. ಪರೀಕ್ಷೆಗೆ ಇನ್ನೂ ಸಮಯವಿದೆ. ಈ ಬಾರಿ ದಪ್ಪ ನೋಟ್ಸ್ ಇರಲಿಲ್ಲ, ಇನ್ನೂರು ಪುಟದ ಒಂದು ಬರಹ ಪುಸ್ತಕವಿತ್ತು. “ದೊಡ್ಡಪ್ಪ, ಈ ವಾರ ತಪ್ಪಾದದ್ದು ಹದಿನಾಲ್ಕು. ಅದರಲ್ಲಿ ಒಂಬತ್ತು ಎರಡನೇ ಕಲಂ. ಗೊತ್ತಿತ್ತು, ಕಾಣಲಿಲ್ಲ,” ಎಂದಳು. ಮುಖದಲ್ಲಿ ಬೇಸರವಿತ್ತು. ನನಗೇಕೋ ಸಮಾಧಾನವಾಯಿತು. ತನ್ನ ಅಳತೆಯ ದೋಷ ಎಲ್ಲಿದೆಯೆಂದು ತಿಳಿದವರು ಅಳೆಯಲು ಕಲಿತಿದ್ದಾರೆ ಎಂದೇ ಅರ್ಥ. ಕಾಫಿ ಕೊಟ್ಟೆ, ಕುಡಿದು ರಾತ್ರಿ ಡ್ಯೂಟಿಗೆ ಹೊರಟಳು.